ಹಂಡೆಯೊಳಗಿನ ಎರಡು ದನಿ

ನಾನು ಮದುವೆಯಾಗಿ ಈ ಮನೆಗೆ ಕಾಲಿಟ್ಟ ಬೆಳಿಗ್ಗೆ ಬಚ್ಚಲಿನಲ್ಲಿ ಹಂಡೆ ಗುನುಗುತ್ತಿತ್ತು. ಇಬ್ಬರು ತಬ್ಬಿದರೂ ಕೈಗೆ ಕೈ ಸೇರದಷ್ಟು ದೊಡ್ಡ ತಾಮ್ರದ ಹಂಡೆ. ಒಲೆಯ ಮೇಲೆ ಅರ್ಧದವರೆಗೆ ಮಣ್ಣು ಕಟ್ಟಿ ಕೂರಿಸಿದ್ದರು. ಕೆಳಗೆ ಬೆಂಕಿ ಇರಲಿಲ್ಲ, ನೀರೂ ಕಾದಿರಲಿಲ್ಲ. ಆದರೂ ಯಾರೋ ಬಾಯಿ ಮುಚ್ಚಿಕೊಂಡು ಲಾಲಿ ಹೇಳುತ್ತಿರುವ ಹಾಗೆ ದನಿ ಬರುತ್ತಿತ್ತು. ನಾನು ಸೆರಗು ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಅತ್ತೆ ದೇವೀರಮ್ಮ ನನ್ನ ಮುಖ ನೋಡಿ ನಕ್ಕರು.

"ಗಾಬರಿಯಾಗಬೇಡ. ಅದು ನಮ್ಮನೆ ಹಂಡೆ ಬುದ್ಧಿ. ಊರ ಮಕ್ಕಳಿಗೆಲ್ಲ ನೀರು ಕೊಟ್ಟು ಕೊಟ್ಟು ತಾನೂ ಲಾಲಿ ಕಲ್ತುಬಿಟ್ಟಿದೆ."

ನಾನು ಇದೇ ಊರಿನವಳು, ಮೇಲಿನ ಕೇರಿಯವಳು. ಆದ್ದರಿಂದ ತಾಮ್ರ ದನಿ ಕೊಡುವುದು ನನಗೆ ಹೊಸದಾಗಿರಲಿಲ್ಲ. ಮಗು ಈಗಲೇ ಬೇಡ ಅಂತ ಆಸ್ಪತ್ರೆಯಲ್ಲಿ ಹೆಂಗಸರಿಗೆ ಒಳಗೆ ಇಡುತ್ತಾರಲ್ಲ, ಅವರು ಅದನ್ನು ಕಾಪರ್ ಟಿ ಅನ್ನುತ್ತಾರೆ, ನಾವು ವಂಕಿ ಅನ್ನುತ್ತೇವೆ. ನಮ್ಮೂರಲ್ಲಿ ವಂಕಿ ಹಾಕಿಸಿಕೊಂಡ ಹೆಂಗಸು ಹತ್ತಿರ ಬಂದರೆ ತಾಮ್ರದ ಚೊಂಬು, ತಾಮ್ರದ ತಟ್ಟೆ, ಏನಿದ್ದರೂ ಗುಂಯ್ ಅನ್ನುತ್ತದೆ. ಅವಳು ದೂರ ಹೋದರೆ ಸುಮ್ಮನಾಗುತ್ತದೆ. ಒಬ್ಬೊಬ್ಬರದು ಒಂದೊಂದು ದನಿ. ಕೆಲವರದು ದುಂಬಿಯ ಹಾಗೆ, ಕೆಲವರದು ದೂರದ ಗಿರಣಿಯ ಹಾಗೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ತಾಮ್ರ ಕೊಟ್ಟು ಸ್ಟೀಲು ತಂದುಬಿಟ್ಟಿದ್ದಾರೆ. ಹಳೇ ತಾಮ್ರ ಕೊಳ್ಳುವ ರೆಹಮತ್ ಸಾಬರ ತಳ್ಳುಗಾಡಿ ಬೀದಿಯಲ್ಲಿ ಬಂದರೆ ಮನೆಮನೆಯ ಮುಂದೆಯೂ ಗಾಡಿ ಬೇರೆ ಬೇರೆ ದನಿ ಕೊಡುತ್ತದೆ. ಸಾಬರು ಮರ್ಯಾದಸ್ಥರು. ಗಾಡಿಗೆ ಒಂದು ದನದ ಗಂಟೆ ಕಟ್ಟಿಕೊಂಡಿದ್ದಾರೆ, ದನಿ ಬಂದ ಬಾಗಿಲಲ್ಲಿ ಅದನ್ನು ಜೋರಾಗಿ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ಗುಡಿಯ ಅರ್ಚಕರು ಹೆಂಗಸರಿಗೆ ತೀರ್ಥ ಕೊಡುವಾಗ ತಾಮ್ರದ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ಮದುವೆ ಮನೆಯಲ್ಲಿ ಹೆಂಗಸರ ಪಂಕ್ತಿ ಕೂತಾಗ ಅಡುಗೆಯವರ ಕೊಪ್ಪರಿಗೆ ಜೇನುಗೂಡಿನ ಹಾಗೆ ಮೊರೆಯುತ್ತದೆ, ಆಗ ಓಲಗದವರು ಕೇಳದೆಯೇ ಇನ್ನಷ್ಟು ಜೋರಾಗಿ ಊದುತ್ತಾರೆ. ತಾಮ್ರ ದನಿ ಕೊಟ್ಟಾಗ ಯಾರೂ ಯಾರ ಮುಖವನ್ನೂ ನೋಡಬಾರದು, ಬೇರೆ ಕಡೆ ನೋಡಬೇಕು. ಇದು ನಮ್ಮೂರ ರೀತಿ. ಚಿಕ್ಕಂದಿನಿಂದ ಕಲಿತುಬಿಡುತ್ತೇವೆ.

ಆದರೆ ಅತ್ತೆಯ ಹಂಡೆ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ಯಾರೂ ಬರದಿದ್ದರೂ ಗುನುಗುತ್ತಿತ್ತು. ಅತ್ತೆ ಊರಿಗೆಲ್ಲ ನೀರು ಹಾಕುವವರು. ಬಾಣಂತಿಯರು, ಹಸುಗೂಸುಗಳು ನಮ್ಮ ಬಚ್ಚಲಿಗೇ ಬರುತ್ತವೆ. ಅತ್ತೆ ಮಣೆಯ ಮೇಲೆ ಕಾಲು ಚಾಚಿ ಕೂತು ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಾರೆ, ಕಡಲೆಹಿಟ್ಟು ಹಚ್ಚುತ್ತಾರೆ, ಮೂಗು ತೀಡುತ್ತಾರೆ, ಬೈಯುತ್ತಾರೆ. ಎಂಥ ಹಟಮಾರಿ ಮಗುವಾದರೂ ಹಂಡೆಯ ಗುನುಗು ಕಿವಿಗೆ ಬಿದ್ದ ಮೇಲೆ ಕೈಕಾಲು ಸಡಿಲ ಬಿಡುತ್ತದೆ. ಊರಲ್ಲಿ ಬೇರೆ ನೀರು ಹಾಕುವವರೂ ಇದ್ದರು. ಆದರೂ ಹಂಡೆಗಾಗಿ ಜನ ನಮ್ಮಲ್ಲಿಗೇ ಬರುತ್ತಿದ್ದರು. ಅತ್ತೆ ಬೇರೆಯವರ ಮನೆಗೆ ಹೋದಾಗ ಅಲ್ಲಿನ ಚೊಂಬು ಗುಂಯ್ ಅಂದರೆ, "ನೋಡು, ಹಂಡೆಯ ಹಾಡು ದೇವೀರಮ್ಮನ ಮೈಗೆ ಹತ್ತಿಬಿಟ್ಟಿದೆ" ಅಂತ ಸಂತೋಷಪಡುತ್ತಿದ್ದರು. ತಲೆ ನರೆತ ಹೆಂಗಸು, ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಬೇರೆ ಯೋಚನೆ ಯಾರಿಗೆ ತಾನೆ ಬರುತ್ತದೆ?

ನನಗೂ ಬರಲಿಲ್ಲ. ನಾನು ಮಾತು ಕಡಿಮೆಯವಳು, ನೋಡುವುದು ಹೆಚ್ಚು. ಅತ್ತೆ ಸಂತೆಗೆ ಹೋದಾಗ ಹಂಡೆ ಸುಮ್ಮನಾಗುವುದನ್ನು ಬಂದ ಹೊಸದರಲ್ಲೇ ಗಮನಿಸಿದ್ದೆ. ಅತ್ತೆ ಇಲ್ಲದಿದ್ದರೆ ನನಗೂ ಮನೆ ಭಣಗುಡುತ್ತಿತ್ತು, ಹಂಡೆಗೂ ಹಾಗೇ ಇರಬಹುದು ಅಂದುಕೊಂಡೆ. ಮಣೆಯಿಂದ ಏಳುವಾಗ ಅತ್ತೆ ಕಿಬ್ಬೊಟ್ಟೆಯ ಮೇಲೆ ಕೈ ಒತ್ತಿಕೊಳ್ಳುವುದನ್ನೂ ಗಮನಿಸಿದ್ದೆ. ಈಚೆಗೆ ಬಟ್ಟೆ ಒಗೆಯುವಾಗ ಅವರ ಒಳಲಂಗದಲ್ಲಿ ಒಂದು ಕಲೆ ಕಂಡಿತ್ತು. ಮುಟ್ಟು ನಿಂತ ಹೆಂಗಸಿನ ಲಂಗದಲ್ಲಿ ಅದೇಕೆ ಅಂತ ಕೇಳಬೇಕು ಅಂದುಕೊಂಡೆ, ಕೇಳಲು ನಾಲಿಗೆ ಏಳಲಿಲ್ಲ. ಹಿಂಡಿ ಒಣಹಾಕಿದೆ.

ನನ್ನ ತವರಿನಲ್ಲಿ ನಾನೇ ದೊಡ್ಡವಳು. ನನ್ನ ಹಿಂದೆ ಐದು ಜನ. ಅಮ್ಮನ ಮಡಿಲು ಖಾಲಿ ಇದ್ದದ್ದನ್ನು ನಾನು ಕಂಡದ್ದೇ ಇಲ್ಲ. ಏಳನೇ ಕ್ಲಾಸಿನ ಮಧ್ಯದಲ್ಲಿ ಅಮ್ಮ ಮತ್ತೆ ಹಾಸಿಗೆ ಹಿಡಿದಾಗ ನನ್ನ ಪುಸ್ತಕದ ಚೀಲ ತಮ್ಮನ ಬಟ್ಟೆಯ ಚೀಲವಾಯಿತು. ಅದರಲ್ಲಿ ಯಾರದ್ದೂ ತಪ್ಪಿರಲಿಲ್ಲ. ಮಗು ಅಳುತ್ತಿತ್ತು, ಎತ್ತಿಕೊಳ್ಳಲು ನಾನಿದ್ದೆ. ಈ ಮನೆಗೆ ಬಂದು ಮಗಳು ಬಿಂದು ಹುಟ್ಟಿದ ಮೇಲೆ, ಅವಳು ತೆವಳಿಕೊಂಡು ಹೊಸ್ತಿಲವರೆಗೆ ಹೋಗುವಷ್ಟಾದ ಮೇಲೆ, ಅತ್ತೆ ನನಗೆ ಮಗುವಿನ ಕುತ್ತಿಗೆ ಹಿಡಿಯುವುದು, ನೀರಿನ ಹದ ನೋಡುವುದು ಕಲಿಸತೊಡಗಿದರು. ಒಂದು ಕೆಲಸ ನನಗೆ ಬರುತ್ತಿದೆ ಅಂತ ಅನ್ನಿಸಿದ್ದು ಅದೇ ಮೊದಲು. ಬೆಳಿಗ್ಗೆ ಏಳುವಾಗ ಕೈಗಳಿಗೆ ಮೊದಲು ಎಚ್ಚರವಾಗುತ್ತಿತ್ತು. ಬಿಂದು ಓಡಾಡುವವರೆಗಾದರೂ ಇನ್ನೊಂದು ಬೇಡ, ಈ ಕೆಲಸ ಕೈಗೆ ಹತ್ತಲಿ ಅಂತ ಒಳಗೊಳಗೇ ಇತ್ತು. ಯಾರ ಹತ್ತಿರ ಹೇಳುವುದು?

ಕೆಳಗಿನ ಬೀದಿಯ ಚಂಪಕಮ್ಮ ಮೊಮ್ಮಗನಿಗೆ ನೀರು ಹಾಕಿಸಲು ಬರುತ್ತಿದ್ದರು. ಅವರ ಬಾಯಿ ಸುಮ್ಮನಿರುವುದಲ್ಲ.

"ಏನು ದೇವೀರಮ್ಮ, ಊರೋರ ಮಕ್ಕಳಿಗೆಲ್ಲ ನೀರು ಹುಯ್ದು ನಿಮ್ಮನೆ ತೊಟ್ಟಿಲು ಮಾತ್ರ ಒಣಗಿಸ್ತಾ ಇದೀರಲ್ಲ. ನಿಮಗಂತೂ ದೇವರು ಒಂದೇ ಕೊಟ್ಟ. ಸೊಸೆಗಾದ್ರೂ ಬೇಗ ಇನ್ನೊಂದು ಆಗ್ಲಿ."

"ಒಣಗಿದ್ರೆ ಎಣ್ಣೆ ಹಚ್ಚಿಡ್ತೀನಿ ಬಿಡು. ನೀನು ಮೊದ್ಲು ನಿನ್ನ ಮೊಮ್ಮಗನ ಕತ್ತು ಹಿಡಿ, ಜಾರ್ತಾ ಇದೆ," ಅಂದರು ಅತ್ತೆ.

ಮಾರನೇ ದಿನ ನೋಡಿದರೆ ಅತ್ತೆ ನಿಜವಾಗಿಯೂ ಅಟ್ಟದಿಂದ ತೊಟ್ಟಿಲು ಇಳಿಸಿ, ಎಣ್ಣೆ ಬಳಿದು ಅಂಗಳದ ಬಿಸಿಲಿಗೆ ಇಟ್ಟಿದ್ದರು. ನನಗಾಗಿಯೇ ಇಳಿಸಿದ್ದಾರೆ ಅಂದುಕೊಂಡೆ. ಆ ತೊಟ್ಟಿಲನ್ನು ದಾಟಿಕೊಂಡು ಹೋಗಿ ನಾನು ರಾಗಿ ಡಬ್ಬ ಎತ್ತಿಕೊಂಡು ಗಿರಣಿಗೆ ನಡೆದೆ.

ನಮ್ಮವರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿಯ ಸದ್ದಿಗೆ ಅವರ ಕಿವಿ ಮಂದ. ಬಹುಶಃ ಊರಲ್ಲಿ ತಾಮ್ರದ ದನಿ ಕೇಳದ ಗಂಡಸು ಅವರೊಬ್ಬರೇ. ನಾನು ಹತ್ತಿರ ಹೋಗಿ ಏನೋ ಹೇಳಬೇಕು ಅಂದೆ. ಅವರಿಗೆ ಕೇಳಿಸಲಿಲ್ಲ. ಒಳ್ಳೆಯವರು, ಪಟ್ಟನೆ ಗಿರಣಿಯನ್ನೇ ನಿಲ್ಲಿಸಿಬಿಟ್ಟರು. ಒಮ್ಮೆಗೇ ನಿಶ್ಶಬ್ದ. ಡಬ್ಬ ಹಿಡಿದು ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನನಗೆ ಭೂಮಿಗೆ ಇಳಿದುಹೋಗುವ ಹಾಗಾಯಿತು. "ರಾಗಿ ಸಣ್ಣಗೆ ಬೀಸಿ," ಅಂದೆ. ಅವರು ನನ್ನ ಮುಖ ನೋಡಿ ಇದು ರಾಗಿಯ ಮಾತಲ್ಲ ಅಂತ ತಿಳಿದುಕೊಂಡು ಹಿಂದಿನ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದರು. ಅವರ ಹುಬ್ಬಿನ ಮೇಲೆಲ್ಲ ಹಿಟ್ಟು. ವಂಕಿಯ ವಿಷಯ ಹೇಳಿದೆ.

"ಹಾಕಿಸ್ಕೋ," ಅಂದರು. "ನಿನ್ನ ಮೈ, ನಿನಗೆ ಗೊತ್ತು. ನನಗಂತೂ ಹಂಡೆ ಕೂಗಿದ್ರೂ ಕೇಳ್ಸಲ್ಲ."

"ಅತ್ತೆಗೆ ಯಾರು ಹೇಳೋದು?"

"ನೀನೇ."

"ನೀವು ಹೇಳಿ."

"ನಾನಾ? ಇನ್ನೊಂದು ಮುದ್ದೆ ಬೇಡ ಕಣಮ್ಮ ಅನ್ನೋಕೇ ನನಗೆ ಧೈರ್ಯ ಇಲ್ಲ. ನೋಡ್ತಾ ಇಲ್ವಾ ಹೊಟ್ಟೇನ."

ಮತ್ತೆ ಅವರು ಗಿರಣಿ ಹಾಕಲು ಒಳಗೆ ಹೋದರು.

ಬಿಂದುವಿಗೆ ಚುಚ್ಚುಮದ್ದು ಹಾಕಿಸುವ ದಿನ ಆಸ್ಪತ್ರೆಗೆ ಹೋದೆ. ಅಲ್ಲಿನ ಸಿಸ್ಟರ್ ಗ್ರೇಸಿ ಹೊರಗಿನ ಊರಿನವರು. ಆದರೆ ನಮ್ಮ ರೀತಿ ಚೆನ್ನಾಗಿ ಕಲಿತಿದ್ದಾರೆ. ಆಸ್ಪತ್ರೆಯಲ್ಲಿ ಒಂದೇ ಒಂದು ತಾಮ್ರದ ಸಾಮಾನು ಇಟ್ಟಿಲ್ಲ. ವಂಕಿ ಬೇಕು ಅಂತ ಬಂದವರ ಹತ್ತಿರ ಮುಟ್ಟು, ಕಾಯಿಲೆ ಎಲ್ಲ ಕೇಳಿದ ಮೇಲೆ ಇನ್ನೊಂದು ಮಾತೂ ಕೇಳುತ್ತಾರೆ.

"ಮನೇಲಿ ತಾಮ್ರ ಏನೇನಿದೆ?"

"ಹಂಡೆ," ಅಂದೆ.

"ಯಾರ ಮನೆ ನೀನು?" ನಾನು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಆ ಹಂಡೆಯ ಮನೆಯವಳಾ? ಆಯ್ತು. ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆ, ಅದಕ್ಕೆ ದನಿ ಇಲ್ಲ. ದಿನಾ ತಗೊಳ್ಳೋ ಮಾತ್ರೆ ಇದೆ. ಯಾವುದು ಬೇಕು ನೋಡು."

"ಒಂದ್ಸಲ ಮಾಡಿಸ್ಕೊಂಡು, ಆಮೇಲೆ ಮರೆತು ಕೆಲಸ ಮಾಡ್ಕೊಂಡಿರಬಹುದಾದ್ದು ಯಾವುದು ಸಿಸ್ಟರ್?"

"ಅದಾದ್ರೆ ವಂಕಿನೇ. ಆದ್ರೆ ನಿಮ್ಮೂರಲ್ಲಿ ಮರೆಯೋಕೆ ಬಿಡಲ್ವಲ್ಲ." ಅವರು ನಕ್ಕರು. ನನಗೂ ನಗು ಬಂತು. ನಗು ಬಂದದ್ದರಿಂದಲೋ ಏನೋ, ಹೂಂ ಅಂದುಬಿಟ್ಟೆ.

ಡಾಕ್ಟರು ಪರೀಕ್ಷೆ ಮಾಡಿದರು, ಹಾಕಿದರು. ಕಿಬ್ಬೊಟ್ಟೆಯ ಒಳಗೆ ಯಾರೋ ಗಂಟು ಹಾಕಿ ಬಿಗಿಯಾಗಿ ಎಳೆದ ಹಾಗೆ ಒಂದು ನೋವು, ಅಷ್ಟೇ. ಆಚೆ ಬೆಂಚಿನಲ್ಲಿ ಬಿಂದು ಆಯಾಳ ಮಡಿಲಲ್ಲಿ ಕೂತು ನನಗಿಂತ ಜಾಸ್ತಿ ಅಳುತ್ತಿದ್ದಳು. ಮೊದಲ ಒಂದೆರಡು ತಿಂಗಳು ಮುಟ್ಟು ಸ್ವಲ್ಪ ಜಾಸ್ತಿ ಹೋಗಬಹುದು, ದಾರ ಇರುತ್ತದೆ, ಎಳೆಯಬಾರದು, ಮುಂದಿನ ಮುಟ್ಟು ಮುಗಿದ ಮೇಲೆ ಬಂದು ತೋರಿಸು, ಬೇಡ ಅನ್ನಿಸಿದ ದಿನ ಬಂದರೆ ತೆಗೆದುಕೊಡುತ್ತೇವೆ ಅಂತ ಸಿಸ್ಟರ್ ಹೇಳಿದರು. ಕೊನೆಯ ಮಾತನ್ನು ನಾನು ದಾರಿಯುದ್ದಕ್ಕೂ ನೆನೆಸಿಕೊಂಡೆ. ಬೇಡ ಅನ್ನಿಸಿದ ದಿನ. ಆ ದಿನ ಯಾವುದು ಅಂತ ಹೇಳುವವಳು ನಾನು.

ಬೀದಿಯ ತಿರುವಿನಲ್ಲಿ ರೆಹಮತ್ ಸಾಬರ ಗಾಡಿ ಎದುರಾಯಿತು. ಮುರುಕು ಚೊಂಬು, ತಪ್ಪಲೆಗಳ ನಡುವಿನಿಂದ ಒಂದು ತೆಳ್ಳನೆಯ ದನಿ ಎದ್ದಿತು, ಬಿದಿರಿನ ಕೊಳವೆಗೆ ಗಾಳಿ ಊದಿದ ಹಾಗೆ. ಹಿಂದೆ ಮುಂದೆ ನೋಡಿದೆ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸಾಬರು ತಕ್ಷಣ ಮೇಲಿನ ಕರೆಂಟು ತಂತಿ ನೋಡುತ್ತಾ ಗಂಟೆಯನ್ನು ಢಣಢಣ ಅಲ್ಲಾಡಿಸಿದರು. ಚಿಕ್ಕಂದಿನಿಂದ ಆ ಗಂಟೆಯನ್ನು ಕೇಳಿದ್ದೇನೆ, ನನಗಾಗಿ ಅವರು ಬಾರಿಸಿದ್ದು ಅದೇ ಮೊದಲು. ನಾನೂ ತಂತಿಯನ್ನೇ ನೋಡುತ್ತಾ ದಾಟಿದೆ. ಹೆದರಿಕೆಯಾಗಿತ್ತು, ಆದರೂ ನನ್ನ ದನಿ ಹೀಗಿದೆ ಅಂತ ಗೊತ್ತಾಗಿ ಒಳಗೆ ಏನೋ ಒಂದು ತರಹ ಚೆನ್ನಾಗಿಯೂ ಇತ್ತು.

ಮನೆಗೆ ಬಂದಾಗ ಬಚ್ಚಲಿನಲ್ಲಿ ಚಂಪಕಮ್ಮ ಕೂತಿದ್ದರು. ಅತ್ತೆಯ ಕಾಲಿನ ಮೇಲೆ ಅವರ ಮೊಮ್ಮಗ. ಹಂಡೆ ಎಂದಿನ ಹಾಗೆ ದಪ್ಪ ದನಿಯಲ್ಲಿ ಗುನುಗುತ್ತಿತ್ತು. ಇವರು ಹೋಗುವವರೆಗೆ ಹಿತ್ತಲಲ್ಲಿ ನಿಲ್ಲೋಣ ಅಂದುಕೊಂಡೆ. ಅಷ್ಟರಲ್ಲಿ ಅತ್ತೆ, "ಇಂದ್ರಿ, ಬಂದ್ಯಾ? ಆ ಸಾಂಬ್ರಾಣಿ ತಗೊಂಬಾ," ಅಂತ ಕೂಗಿದರು. ಹೋಗಲೇಬೇಕಾಯಿತು. ಬಚ್ಚಲಿನ ಹೊಸ್ತಿಲ ಮೇಲೆ ಕಾಲಿಟ್ಟೆ.

ಹಂಡೆಯ ದಪ್ಪ ದನಿಯ ಮೇಲೆ ಇನ್ನೊಂದು ತೆಳ್ಳನೆಯ ದನಿ ಎದ್ದು ನಿಂತಿತು. ಬೇರೆ ಬೇರೆಯಾಗಿ ಎರಡೂ ಕೇಳುತ್ತಿದ್ದವು, ಕಿವುಡರಿಗೂ ಗೊತ್ತಾಗುವಷ್ಟು. ಚಂಪಕಮ್ಮ ಬೇರೆ ಕಡೆ ನೋಡಬೇಕಾಗಿತ್ತು. ನೋಡಲಿಲ್ಲ. ನೇರವಾಗಿ ನನ್ನ ಮುಖವನ್ನೇ ನೋಡಿದರು, ಆಮೇಲೆ ನನ್ನ ಹೊಟ್ಟೆಯನ್ನು. ಅತ್ತೆಯ ಕೈ ಮಗುವಿನ ಎದೆಯ ಮೇಲೆ ಒಂದು ಗಳಿಗೆ ನಿಂತಿತು. ತಲೆ ಎತ್ತಲಿಲ್ಲ.

"ಹಂಡೇಲಿ ನೀರು ಇಳಿದಿದೆ," ಅಂದರು. "ಅರ್ಧ ಬರಿದಾದ್ರೆ ಹೀಗೇ ಎರಡು ದನಿ ಮಾಡುತ್ತೆ. ನಾಲ್ಕು ಬಿಂದಿಗೆ ಹುಯ್ಯಿ ಹೋಗು ಇಂದ್ರಿ."

ನಾನು ಬಿಂದಿಗೆ ತಂದು ತಂದು ಸುರಿದೆ. ಹಂಡೆ ತುಂಬಿ ತುಳುಕಿದರೂ ಎರಡು ದನಿ ಎರಡೇ ಆಗಿತ್ತು.

"ತುಂಬಿದ್ರೂ ನಿಲ್ಲಲಿಲ್ಲವಲ್ಲ," ಅಂದರು ಚಂಪಕಮ್ಮ.

"ನಿನ್ನ ಬಾಯಿನೂ ಹಾಗೇ ಅಲ್ವಾ. ಟವಲ್ ಕೊಡು, ಮಗೂಗೆ ಶೀತ ಆಗುತ್ತೆ."

ಅವರು ಹೋದ ಮೇಲೆ ಅತ್ತೆ ಬಚ್ಚಲು ತೊಳೆದರು, ಮಣೆ ಗೋಡೆಗೆ ಒರಗಿಸಿದರು, ಊಟಕ್ಕೆ ಬಡಿಸಿದರು. ನನ್ನ ತಟ್ಟೆಗೆ ತುಪ್ಪ ಜಾಸ್ತಿಯೇ ಬಿತ್ತು, ಅದು ಸಿಟ್ಟೋ ಪ್ರೀತಿಯೋ ಗೊತ್ತಾಗಲಿಲ್ಲ. ಬಿಂದು ಮಲಗಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾನು ಪಡಸಾಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಅತ್ತೆ ಜೀರಿಗೆ ಕಷಾಯದ ಲೋಟ ತಂದು ಮುಂದಿಟ್ಟು ಎದುರಿಗೆ ಕೂತರು. ಈಗ ಬಯ್ಯುತ್ತಾರೆ ಅಂತ ಬೆರಳು ಬಿಗಿಹಿಡಿದೆ.

"ದಾರ ಚುಚ್ಚುತ್ತಾ?" ಅಂದರು.

ನನಗೆ ಅರ್ಥವಾಗಲಿಲ್ಲ. ಮುಖ ನೋಡಿದೆ.

"ಮೊದಲ ವಾರ ಕೆಲವರಿಗೆ ಚುಚ್ಚಿದ ಹಾಗಾಗುತ್ತೆ. ಆಮೇಲೆ ಮೆತ್ತಗಾಗುತ್ತೆ. ನನಗಂತೂ ಹಾಗಾಯ್ತಪ್ಪ."

ಕಷಾಯ ಬಿಸಿಯಾಗಿತ್ತು. ಲೋಟ ಕೈಯಲ್ಲೇ ಇತ್ತು. ಸಂತೆಯ ದಿನ ಸುಮ್ಮನಾಗುವ ಹಂಡೆ ನೆನಪಾಯಿತು, ಬೇರೆ ಮನೆಯ ಚೊಂಬುಗಳು ನೆನಪಾದವು. ಒಂದೊಂದೇ ಬಂದು ಸಾಲಾಗಿ ಕೂತವು. "ಅತ್ತೆ, ನೀವು..." ಅಂದೆ.

"ಹೂಂ ಮತ್ತೆ. ತಾಮ್ರದ ಹಂಡೆ ಎಲ್ಲಾದ್ರೂ ಲಾಲಿ ಕಲಿಯುತ್ತಾ? ನೀನೂ ನಂಬಿದ್ಯಲ್ಲ." ಅವರು ಗೋಡೆಗೆ ಒರಗಿ ಕಾಲು ಚಾಚಿದರು, ಮಗುವಿಗೆ ನೀರು ಹಾಕುವಾಗ ಚಾಚುವ ಹಾಗೆಯೇ. "ನಿನ್ನ ಗಂಡ ಉಮಾಪತಿ ಹುಟ್ಟಿದ ಮೇಲೆ ನಾನು ಈ ಕೆಲಸ ಹಿಡಿದೆ. ಬೇರೆಯೋರ ಮಕ್ಕಳನ್ನ ಕಾಲ ಮೇಲೆ ಹಾಕ್ಕೋಬೇಕಾದ್ರೆ ನಮ್ಮ ಮಡಿಲು ಖಾಲಿ ಇರಬೇಕು ಕಣೇ. ಹೊಟ್ಟೆ ಮುಂದಿಟ್ಕೊಂಡು ಬಗ್ಗೋಕಾಗುತ್ತಾ? ನಿಮ್ಮ ಮಾವನಿಗೆ ಹೇಳ್ದೆ. ಆಯ್ತು ಅಂದ್ರು. ಹಾಕಿಸ್ಕೊಂಡು ಬಂದ ದಿನ ಹಂಡೆ ಹೀಗೇ ಕೂಗ್ತು. ನಮ್ಮತ್ತೆ ಅಡುಗೆಮನೆಯಿಂದ ಸೌಟು ಹಿಡ್ಕೊಂಡೇ ಓಡಿ ಬಂದ್ರು. ನಿಮ್ಮ ಮಾವ ಬಚ್ಚಲ ಬಾಗಿಲಲ್ಲಿ ಅಡ್ಡ ನಿಂತು, ಅವ್ವಾ, ಮಕ್ಕಳ ನೀರು ಕಾಯಿಸಿ ಕಾಯಿಸಿ ನಮ್ಮ ಹಂಡೆ ಲಾಲಿ ಕಲಿತುಬಿಟ್ಟಿದೆ ನೋಡು ಅಂದ್ರು. ಅಂಥ ಸುಳ್ಳು ಅವರ ಬಾಯಲ್ಲಿ ಅದಕ್ಕೆ ಮುಂಚೇನೂ ಬರಲಿಲ್ಲ, ಆಮೇಲೂ ಬರಲಿಲ್ಲ. ನಮ್ಮತ್ತೆ ಹಂಡೆಗೆ ಕುಂಕುಮ ಇಟ್ರು."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಆಮೇಲೆ ಅವರು ಹೋದ್ರು. ತೆಗೆಸಿಬಿಡೋಣ ಅಂದ್ಕೊಂಡೆ. ತೆಗೆಸಿದ್ರೆ ಹಂಡೆ ಸುಮ್ಮನಾಗುತ್ತೆ, ಅವರಾಡಿದ ಮಾತು ಸುಳ್ಳಾಗುತ್ತೆ ಅನ್ನಿಸ್ತು. ಮಕ್ಕಳೂ ಆ ದನಿಗೇ ಒಗ್ಗಿದ್ವು. ಹಾಗೇ ಇದ್ದುಬಿಟ್ಟಿದೆ. ಅದೇನು ಊಟ ಕೇಳುತ್ತಾ, ನೀರು ಕೇಳುತ್ತಾ."

"ತೊಟ್ಟಿಲಿಗೆ ಎಣ್ಣೆ ಹಚ್ಚಿದ್ರಲ್ಲ," ಅಂದೆ.

"ಗೆದ್ದಲು ಹತ್ತಿತ್ತು ಕಣೇ. ಅದಕ್ಕೂ ಹೆದರಿದ್ಯಾ?"

ನಾನು ಕಷಾಯ ಕುಡಿದೆ. ಮನಸ್ಸು ಹಗುರವಾಗಿತ್ತು. ಆದರೆ ಲಂಗದ ಕಲೆ ಈಗ ಕಣ್ಣಿಗೆ ಕಟ್ಟಿ ನಿಂತಿತ್ತು. ಇಷ್ಟು ದಿನ ಕೇಳದೆ ಇದ್ದದ್ದನ್ನು ಇವತ್ತು ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಅನ್ನಿಸಿತು. ಕೇಳಿದೆ. ಅತ್ತೆಯ ನಗು ನಿಂತಿತು.

"ಅದೇನೋ ಉಷ್ಣ."

"ಉಷ್ಣ ಅಲ್ಲ ಅತ್ತೆ. ಕಿಬ್ಬೊಟ್ಟೆ ಹಿಡ್ಕೊಂಡು ಏಳ್ತೀರಿ, ನೋಡಿದೀನಿ. ನಾಳೆ ಆಸ್ಪತ್ರೆಗೆ ಹೋಗಿ ತೋರಿಸೋಣ. ಅದಕ್ಕೂ ವಯಸ್ಸಾಗಿದೆ, ತೆಗೆಸಬೇಕು."

"ಹುಚ್ಚಿ. ತೆಗೆಸಿ? ಈ ವಯಸ್ಸಲ್ಲಿ ಹೋಗಿ ವಂಕಿ ತೆಗೀರಿ ಅನ್ಲಾ? ನಾಳೆ ಹಂಡೆ ಮೂಕಾದ್ರೆ ಚಂಪಕ ಊರೆಲ್ಲ ಡಂಗೂರ ಹೊಡೀತಾಳೆ. ಮಕ್ಕಳು ಅತ್ತು ರಂಪ ಮಾಡ್ತವೆ. ಒಬ್ಬರೂ ಈ ಬಚ್ಚಲಿಗೆ ಬರಲ್ಲ."

ನಾನು ಲೋಟ ಕೆಳಗಿಟ್ಟೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಹಂಡೆ ಯಾಕೆ ಮೂಕಾಗುತ್ತೆ? ನನ್ನದಿದೆಯಲ್ಲ."

ಅತ್ತೆ ನನ್ನನ್ನು ತುಂಬ ಹೊತ್ತು ನೋಡಿದರು. ಕಾಲ ಮೇಲೆ ಮಲಗಿಸಿದ ಮಗುವಿಗೆ ಎಲ್ಲಾದರೂ ಪೆಟ್ಟಾಗಿದೆಯೋ ಅಂತ ನೋಡುವ ಹಾಗೆ.

ಮಾರನೇ ದಿನ ಬಿಂದುವನ್ನು ಗಿರಣಿಯಲ್ಲಿ ಅವಳಪ್ಪನ ಹತ್ತಿರ ಬಿಟ್ಟು ಇಬ್ಬರೂ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಅತ್ತೆ ನನ್ನ ಹಿಂದೆ ನಡೆದರು. ಎಂದೂ ಹಾಗೆ ನಡೆದವರಲ್ಲ. ಸಿಸ್ಟರ್ ಗ್ರೇಸಿ ನಮ್ಮಿಬ್ಬರನ್ನೂ ನೋಡಿ ಒಂದು ಮಾತೂ ಹೆಚ್ಚಿಗೆ ಆಡದೆ ಪರದೆ ಎಳೆದರು. ನಾನು ಬೆಂಚಿನ ಮೇಲೆ ಕೂತು ಅತ್ತೆಯ ಚಪ್ಪಲಿಗಳನ್ನು ನೋಡುತ್ತಿದ್ದೆ. ಹಿಮ್ಮಡಿಯ ಕಡೆ ಸವೆದ, ಹರಳೆಣ್ಣೆ ಕುಡಿದ ಚಪ್ಪಲಿಗಳು. ಆಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು, ಎಂದೋ ತೆಗೆಯಬೇಕಾಗಿತ್ತು, ಒಳಗೆ ಸೋಂಕಾಗಿದೆ, ಮಾತ್ರೆ ಕೊಡುತ್ತೇನೆ, ಗರ್ಭಕೋಶದ ಪರೀಕ್ಷೆಗೂ ಕಳಿಸುತ್ತೇನೆ, ಬಂದದ್ದು ಒಳ್ಳೆಯದಾಯಿತು ಅಂದರು. ಕೆಲವು ದಿನಗಳ ಮೇಲೆ ಆ ಪರೀಕ್ಷೆಯಲ್ಲಿ ಹೆದರುವಂಥದ್ದೇನೂ ಇಲ್ಲ ಅಂತ ಬಂತು. ಆ ದಿನ ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮುಖ ಬೆವತಿತ್ತು.

"ಇಷ್ಟೇ ಇಷ್ಟಿತ್ತು ಕಣೇ," ಅಂತ ಕಿರುಬೆರಳು ತೋರಿಸಿದರು. "ಇಷ್ಟು ಗಿಡ್ಡದ್ದು ಅಷ್ಟು ದೊಡ್ಡ ಹಂಡೇನ ಕುಣಿಸ್ತಿತ್ತಾ?"

ಮನೆಯ ಗೇಟಿನ ಹತ್ತಿರ ಬಂದಾಗ ಅವರು ನಿಂತರು. "ಇಂದ್ರಿ, ನೀನು ಸ್ವಲ್ಪ ಹೊತ್ತು ಇಲ್ಲೇ ಇರು."

ನಾನು ಗೇಟಿನ ಹೊರಗೆ ನಿಂತೆ. ಅಲ್ಲಿಂದ ಅಂಗಳ ದಾಟಿ ಬಚ್ಚಲಿನ ಬಾಗಿಲು ಕಾಣುತ್ತದೆ. ಅತ್ತೆ ಒಳಗೆ ಹೋಗಿ ಹಂಡೆಯ ಮುಂದೆ ನಿಂತರು. ಸದ್ದಿಲ್ಲ. ಅವರು ಹತ್ತಿರವಿದ್ದು ಹಂಡೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು, ಅವರಿಗೂ ಎಷ್ಟೋ ಕಾಲದ ಮೇಲೆ ಅದೇ ಮೊದಲು. ಅವರು ಹಂಡೆಯ ಕಂಠದ ಮೇಲೆ ಕೈ ಇಟ್ಟರು. ಬಾಗಿ ಕಿವಿ ಕೊಟ್ಟರು. ಎಷ್ಟು ಹೊತ್ತು ಹಾಗೆ ಇದ್ದರೋ, ನನಗೆ ಕಾಯುವುದು ಬೇಸರ ಅನ್ನಿಸಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಬಂದರು.

"ಬಾ," ಅಂದರು. "ತೀರಾ ಭಣಭಣ ಅನ್ನುತ್ತೆ."

ನಾನು ಅಂಗಳ ದಾಟುತ್ತಿದ್ದ ಹಾಗೇ ಒಳಗಿನಿಂದ ಆ ತೆಳ್ಳನೆಯ ದನಿ ಬಂತು. ಅತ್ತೆ ತಲೆ ಓರೆ ಮಾಡಿ ಕೇಳಿದರು. "ಪರವಾಗಿಲ್ಲ. ಸ್ವಲ್ಪ ಎಳಸು. ಪಳಗುತ್ತೆ."

ಡಾಕ್ಟರು ಭಾರ ಎತ್ತಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ ಅಂದಿದ್ದರು. ಆದ್ದರಿಂದ ಮರುದಿನ ಚಂಪಕಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದಾಗ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಮಣೆಯ ಮೇಲೆ ನಾನಿದ್ದೆ. ಕಾಲು ಚಾಚಿದೆ. ಚಂಪಕಮ್ಮ ಮಗುವನ್ನು ಕೊಡಲು ಹಿಂದೆ ಮುಂದೆ ನೋಡಿದರು.

"ಕೊಡು ಕೊಡು, ಅವಳ ಕೈ ನನ್ನ ಕೈಗಿಂತ ಹಗುರ," ಅಂದರು ಅತ್ತೆ.

ಮಗು ನನ್ನ ಕಾಲಿನ ಮೇಲೆ ಬಂದದ್ದೇ ಬಾಯಿ ತೆರೆಯಿತು. ಒಗ್ಗಿದ ದಪ್ಪ ದನಿ ಇಲ್ಲ, ಒಗ್ಗಿದ ಕೈಯೂ ಅಲ್ಲ. ಕಿರುಚಿ ಕೆಂಪಾಯಿತು. ಇದು ಸುಮ್ಮನಾಗದಿದ್ದರೆ ಅತ್ತೆಯ ಇಷ್ಟು ದಿನದ ಕೆಲಸ ನನ್ನ ಕೈಯಲ್ಲೇ ಮುಗಿದ ಹಾಗೆ. ಅತ್ತೆ ಕುರ್ಚಿಯಲ್ಲೇ ಕೂತಿದ್ದರು. ಎದ್ದುಬಂದು ಮಗುವನ್ನು ತೆಗೆದುಕೊಳ್ಳಲಿಲ್ಲ. ನಾನು ಮಣೆಯನ್ನು ಹಂಡೆಯ ಕಡೆಗೆ ಒಂದು ಗೇಣು ಜರುಗಿಸಿಕೊಂಡೆ. ದನಿ ಒಂದಿಷ್ಟು ತುಂಬಿಕೊಂಡಿತು. ಅಂಗೈಗೆ ಎಣ್ಣೆ ಸವರಿ ಮಗುವಿನ ಎದೆಯ ಮೇಲೆ ಇಟ್ಟು, ಅದೇ ದನಿಗೆ ಸರಿಯಾಗಿ ಬಾಯಿ ಮುಚ್ಚಿಕೊಂಡೇ ಗುನುಗಿದೆ. ನನ್ನ ತಮ್ಮಂದಿರನ್ನು ಎತ್ತಿಕೊಂಡು ಎಷ್ಟು ಗುನುಗಿದ್ದೆನೋ, ಗಂಟಲಿಗೆ ಅದು ಗೊತ್ತಿತ್ತು. ಮಗು ಒಂದು ಬಿಕ್ಕು ಬಿಕ್ಕಿತು, ಕಣ್ಣು ಹೊರಳಿಸಿ ಹಂಡೆಯ ಕಡೆ ನೋಡಿತು. ಮುಷ್ಟಿ ಬಿಚ್ಚಿತು.

"ದನಿ ಬೇರೆ ಆಗಿದೆಯಲ್ಲ ದೇವೀರಮ್ಮ," ಅಂದರು ಚಂಪಕಮ್ಮ ಮೆಲ್ಲಗೆ. "ಹಂಡೆ ಬದಲಾಯಿಸಿದ್ರಾ?"

"ಹಂಡೆ ಅದೇ," ಅಂದರು ಅತ್ತೆ.

ಚಂಪಕಮ್ಮ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ತಿರುಗಿ, ಎಲ್ಲ ಬಿಟ್ಟು ಒಲೆಯ ಬೆಂಕಿಯನ್ನು ನೋಡತೊಡಗಿದರು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು ನನ್ನ ಕಿವಿಯ ಹತ್ತಿರ, "ಇವನ ತಾಯೀನೂ ಕಳಿಸ್ತೀನಿ, ಆ ಸಿಸ್ಟರ್ ಹತ್ರ ನೀನೇ ಒಂದ್ಸಲ ಕರ್ಕೊಂಡು ಹೋಗವ್ವ. ನಮ್ಮನೇಲಿ ತಾಮ್ರ ಎಲ್ಲ ಎಂದೋ ಕೊಟ್ಟಾಯ್ತು," ಅಂದರು.

ಈಗ ನೀರು ಹಾಕುವವಳು ನಾನೇ. ಅತ್ತೆ ಕುರ್ಚಿಯಲ್ಲಿ ಕೂತು ಬೈಯುವ ಕೆಲಸ ಮಾತ್ರ ಇಟ್ಟುಕೊಂಡಿದ್ದಾರೆ, ಮೊದಲಿಗಿಂತ ಚೆನ್ನಾಗಿ ಬೈಯುತ್ತಾರೆ. ಹೊಟ್ಟೆ ಹಿಡಿದುಕೊಂಡು ಏಳುವುದಿಲ್ಲ. ಸಂತೆಗೆ ಹೋದರೆ ಹಂಡೆಗಾಗಿ ಅವಸರದಲ್ಲಿ ಓಡಿ ಬರುವುದೂ ಇಲ್ಲ, ಬೇಕಾದಷ್ಟು ಹೊತ್ತು ಬಳೆಗಾರ್ತಿಯ ಹತ್ತಿರ ಕೂತು ಹರಟಿ ಬರುತ್ತಾರೆ. ಹಂಡೆ ಎಳೆಯ ದನಿಯಲ್ಲಿ ಹಾಡುವುದಕ್ಕೆ ಕಾರಣ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಾರೆ. ಇನ್ನೊಂದು ಯಾವಾಗ ಅಂತ ನನ್ನನ್ನು ಯಾರಾದರೂ ಕೇಳಿದರೆ, ಬೇಕು ಅನ್ನಿಸಿದ ದಿನ ಅಂತ ನಾನೇ ಹೇಳುತ್ತೇನೆ. ಮೊದಲ ಸಲ ಹೇಳಿದಾಗ ಕಿವಿ ಬಿಸಿಯಾಗಿತ್ತು. ಈಗ ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ಮೂವರು ಬಾಣಂತಿಯರಿದ್ದರು. ಸೌದೆ ಸಾಲದೆ ನಾನು ಹಿತ್ತಲಿಗೆ ಹೋದೆ. ಕೋಳಿಗೂಡಿನ ಹಿಂದೆ, ಸೌದೆ ಒಟ್ಟಿದ ಕಡೆಯವರೆಗೆ. ಅಷ್ಟು ದೂರಕ್ಕೆ ಹಂಡೆ ಸುಮ್ಮನಾಗುತ್ತದೆ. ಸುಮ್ಮನಾದದ್ದೇ ಒಳಗೆ ಒಂದು ಮಗು ಕೂ ಅಂದಿತು, ಅದನ್ನು ಕೇಳಿ ಇನ್ನೊಂದು, ಮತ್ತೊಂದು. ಹಂಡೆ ಬಾಯಿ ಮುಚ್ಚಿದ್ದಕ್ಕೋ ಏನೋ, ಗೋಡೆ ಹಿಡಿದು ನಿಂತಿದ್ದ ಬಿಂದುವೂ ಶುರುಮಾಡಿದಳು.

"ಇಂದ್ರೀ," ಅಂತ ಅತ್ತೆ ಕೂಗಿದರು. "ಎಲ್ಲಿ ಹೋದ್ಯೇ? ಇವುಗಳನ್ನ ಯಾರು ತಡೀತಾರೆ? ಬಾ ಒಳಗೆ."

"ಬಂದೆ ಅತ್ತೆ," ಅಂದೆ. ಆದರೆ ಅವಸರ ಮಾಡಲಿಲ್ಲ. ಒಣಗಿದ ಕೊರಡುಗಳನ್ನು ಆರಿಸಿ, ತೋಳಿನ ಮೇಲೆ ಜೋಡಿಸಿಕೊಂಡು ನಿಧಾನವಾಗಿ ನಡೆದು ಬಂದೆ. ನಾನು ಹೊಸ್ತಿಲು ಮುಟ್ಟುವ ಮೊದಲೇ ಹಂಡೆ ಒಳಗಿನವರಿಗೆಲ್ಲ ನಾನು ಬಂದೆ ಅಂತ ಹೇಳಿತ್ತು.